ಗುಂಡಣ್ಣನೂ ಪುಟ್ಟತಾಯಿಯ ಹಪ್ಪಳವೂ

ನಮ್ಮ ಊರಿನಲ್ಲಿ ಪ್ರತಿಯೊಂದು ಕಟ್ಟಡಕ್ಕೂ ಅದರದೇ ಆದ ಮೋಡವಿದೆ, ಮೋಡಕ್ಕೊಂದು ಹೆಸರೂ ಇದೆ. ಬಸ್ಸಿಳಿದು ಯಾರನ್ನಾದರೂ ವಿಳಾಸ ಕೇಳಿ ನೋಡಿ, ರಸ್ತೆ, ಅಡ್ಡರಸ್ತೆ ಎಂದು ಒಬ್ಬರೂ ಹೇಳುವುದಿಲ್ಲ. ತಲೆ ಎತ್ತಿ, ಅಗೋ ಆ ಗುಂಡಣ್ಣ ಕೂತಿದ್ದಾನಲ್ಲ, ಅವನ ಕೆಳಗೆ ಎಂದು ಕೈ ತೋರಿಸಿ ತಮ್ಮ ಪಾಡಿಗೆ ಹೋಗುತ್ತಾರೆ. ಗುಂಡಣ್ಣ ಎಂದರೆ ನಮ್ಮ ಮೋಡ. ಐದು ಮಹಡಿ, ಇಪ್ಪತ್ತು ಮನೆಗಳ ನಮ್ಮ ಕಟ್ಟಡದ ತಾರಸಿಯಿಂದ ಎರಡಾಳು ಎತ್ತರದಲ್ಲಿ ಅವನ ವಾಸ. ನಾವು ಹೊರಗೆ ಬಿಡುವ ಬಿಸಿ, ಹಬೆ, ಹೊಗೆ ಎಲ್ಲ ಅವನ ಹೊಟ್ಟೆಗೇ ಸೇರುವುದು. ಹೊಟ್ಟೆ ತುಂಬಿದಾಗ ಅವನು ನಮ್ಮ ಮೇಲೆಯೇ ಸುರಿಸಿ ಹಗುರಾಗುತ್ತಾನೆ, ಪಕ್ಕದ ಕಾಂಪೌಂಡಿಗೆ ಒಂದು ಹನಿಯನ್ನೂ ಕೊಡುವುದಿಲ್ಲ. ಹುರುಳಿ ಸಾರು ಮಾಡಿದ ದಿನ ಹುರುಳಿ ಸಾರಿನ ವಾಸನೆಯ ಮಳೆ, ಯಾರೋ ಒಗ್ಗರಣೆ ಸೀಯಿಸಿದ ದಿನ ಸೀದ ಮಳೆ. ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ಮೂಗು ಮುಚ್ಚಿಕೊಂಡು ಓಡಾಡುತ್ತಾರೆ. ಎರಡನೇ ವಾರಕ್ಕೆ, ಇವತ್ತು ನಾಲ್ಕನೇ ಮಹಡಿಯಲ್ಲಿ ಬೆಳ್ಳುಳ್ಳಿ ಜಾಸ್ತಿಯಾಯಿತು ಎಂದು ತಾವೇ ತೀರ್ಪು ಕೊಡುತ್ತಾರೆ.

ದಪ್ಪ ಮೋಡ ಇದ್ದರೆ ಕಟ್ಟಡಕ್ಕೆ ಮರ್ಯಾದೆ. ಒಲೆ ಆರದ, ಬಚ್ಚಲು ಒಣಗದ ಮನೆಗಳು ಎಂದು ಅರ್ಥ. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ತಾರಸಿ ಹತ್ತಿ ಮೋಡ ನೋಡುವುದು ನಮ್ಮಲ್ಲಿ ಸಂಪ್ರದಾಯ. ಇದರ ಬಿಸಿ ನನಗೂ ತಟ್ಟಿದೆ. ನನ್ನ ಇಪ್ಪತ್ತೆರಡನೇ ವಯಸ್ಸಿನಲ್ಲಿ ನನ್ನನ್ನು ನೋಡಲು ಬಂದವರು ನಮ್ಮಪ್ಪ ಬಾಡಿಗೆಗಿದ್ದ ಕಟ್ಟಡದ ಬಡಕಲು ಮೋಡವನ್ನು ಕಂಡು, ಕಾಫಿಯನ್ನೂ ಕುಡಿಯದೆ ಮೆಟ್ಟಿಲಿಳಿದು ಹೋದರು. ಆಮೇಲೆ ನಾನು ಮದುವೆಯ ಗೋಜಿಗೆ ಹೋಗಲಿಲ್ಲ. ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತೆರಡು ವರ್ಷ ಡ್ರಾಯಿಂಗ್ ಟೀಚರಾಗಿದ್ದೆ, ಆ ನಡುವೆಯೇ ಒಂದು ಮನೆ ಕೊಳ್ಳುವ ಯೋಗ ಬಂದಾಗ ಊರೆಲ್ಲ ತಿರುಗಿ ದಪ್ಪ ಮೋಡದ ಕಟ್ಟಡವನ್ನೇ ಹುಡುಕಿ ಕೊಂಡೆ. ವಾರಿಜ ಟೀಚರ್, ಎರಡನೇ ಮಹಡಿ, ಗುಂಡಣ್ಣನ ಕೆಳಗೆ. ಹೇಳಿಕೊಳ್ಳಲು ಎಷ್ಟು ಚೆನ್ನಾಗಿತ್ತು.

ಪುಟ್ಟತಾಯಿ ಇರುವುದು ಐದನೇ ಮಹಡಿಯಲ್ಲಿ, ತಾರಸಿಯ ಪಕ್ಕದಲ್ಲೇ. ನಾನು ಬಂದ ದಿನ ಒಂದು ತಟ್ಟೆ ಸಂಡಿಗೆ ಹಿಡಿದುಕೊಂಡು ಬಾಗಿಲಿಗೆ ಬಂದವಳು ಇಪ್ಪತ್ತನಾಲ್ಕು ವರ್ಷದಿಂದ ನನ್ನ ಗೆಳತಿ. ಗಂಡ ತೀರಿಕೊಂಡ ವರ್ಷವೇ ಮಣೆ, ಲಟ್ಟಣಿಗೆ ಹಿಡಿದು ಕೂತವಳು ಮತ್ತೆ ಎದ್ದಿಲ್ಲ. ಉದ್ದಿನ ಹಪ್ಪಳ, ಅರಳು ಸಂಡಿಗೆ, ಬಾಳಕದ ಮೆಣಸಿನಕಾಯಿ, ಇವುಗಳಿಗೆ ಊರಿನ ನಾಲ್ಕೂ ದಿಕ್ಕಿನಿಂದ ಜನ ಅವಳನ್ನು ಹುಡುಕಿಕೊಂಡು ಬರುತ್ತಾರೆ. ಸಂಕ್ರಾಂತಿ ಕಳೆದರೆ ತಾರಸಿಯ ತುಂಬ ಅವಳ ಹಳೆಯ ಸೀರೆಗಳು, ಸೀರೆಗಳ ತುಂಬ ಹಪ್ಪಳ. ಅಂಚಿನಲ್ಲಿ ಕೂತು ಕಾಗೆ ಓಡಿಸುವುದೂ ಒಟ್ಟಿಗೆ ಊರ ಸುದ್ದಿ ಜಾಲಾಡುವುದೂ ನಮ್ಮಿಬ್ಬರ ಕೆಲಸ. ನನ್ನ ಬದುಕಿನ ಒಳ್ಳೆಯ ಹೊತ್ತೆಲ್ಲ ಆ ತಾರಸಿಯ ಮೇಲೆಯೇ ಕಳೆದಿದೆ ಎಂದರೆ ಸುಳ್ಳಲ್ಲ.

ಆ ದಿನಗಳಲ್ಲಿ ಗುಂಡಣ್ಣ ದಪ್ಪಗಿದ್ದರೂ ತಾರಸಿಯ ಒಂದು ಮೂಲೆಯಲ್ಲಿ ಇರುತ್ತಿದ್ದ, ಮಿಕ್ಕ ಜಾಗವನ್ನು ಬಿಸಿಲಿಗೆ ಬಿಟ್ಟಿದ್ದ. ಆಮೇಲೆ ಮನೆಮನೆಗೂ ಗೀಸರ್ ಬಂತು, ನಾಲ್ಕನೇ ಮಹಡಿಗೆ ಸಾಲಾಗಿ ಎಸಿ ಬಂತು, ಮೂರನೇ ಮಹಡಿಯ ಅವಳಿ ಮಕ್ಕಳ ಮನೆಗೆ ಬಟ್ಟೆ ಒಣಗಿಸುವ ಯಂತ್ರ ಬಂತು. ಗುಂಡಣ್ಣ ತಿಂದು ತಿಂದು ನಾಲ್ಕೂ ಕಡೆ ಹರಡಿಕೊಂಡ. ಮೂರು ವರ್ಷದಿಂದ ತಾರಸಿಗೆ ಬಿಸಿಲೇ ಇಲ್ಲ. ಸಾಲದ್ದಕ್ಕೆ, ಕುಕ್ಕರುಗಳು ಕೂಗುವ ಹನ್ನೊಂದು ಗಂಟೆಗೆ ಸರಿಯಾಗಿ ಜಿನುಗುವ ಚಾಳಿ ಬೇರೆ. ಪುಟ್ಟತಾಯಿ ಮನೆಯೊಳಗೆ ಫ್ಯಾನಿನ ಕೆಳಗೆ ಹಪ್ಪಳ ಹರಡಿದಳು. ಫ್ಯಾನ್ ಗಾಳಿಯ ಹಪ್ಪಳ ಎಣ್ಣೆಗೆ ಬಿದ್ದರೆ ಅರಳುವುದಿಲ್ಲ, ಮುದುರಿ ಮುಖ ತಿರುಗಿಸುತ್ತದೆ. ಅರ್ಧಕ್ಕರ್ಧ ಬೂಷ್ಟು ಹಿಡಿಯಿತು. ಹುಡುಕಿಕೊಂಡು ಬರುತ್ತಿದ್ದವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

ಈ ವರ್ಷ ಮಾಘ ಮಾಸದಲ್ಲಿ ಒಂದು ಬೆಳಗ್ಗೆ ಅವಳು ನನ್ನ ಅಡುಗೆಮನೆಗೆ ಬಂದು ಕೂತು, ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ಹೊಳೆ ಆಚೆ ಅಕ್ಕನ ಕಟ್ಟಡದಲ್ಲಿ ಮನೆ ಖಾಲಿ ಇದೆಯಂತೆ ಕಣೇ. ಅಲ್ಲಿ ಮೋಡ ಕರವಸ್ತ್ರದಷ್ಟು. ಯುಗಾದಿ ಒಳಗೆ ಇಲ್ಲಿ ಬಿಸಿಲು ಬಂದ್ರೆ ಸರಿ. ಇಲ್ಲದಿದ್ರೆ ನಾನು ಹೊರಟೆ."

ಹೊಳೆಯ ಆಚೆ ಎಂದರೆ ಎರಡು ಬಸ್ಸು ಬದಲಾಯಿಸಬೇಕು. ವಾರಕ್ಕೊಮ್ಮೆ ಬಂದು ಹೋಗುವ ಗೆಳತಿ ಬೇರೆ, ಮೆಟ್ಟಿಲು ಹತ್ತಿದರೆ ಸಿಗುವ ಗೆಳತಿ ಬೇರೆ. ಅವಳಿಲ್ಲದ ಕಟ್ಟಡದಲ್ಲಿ ನಾನು ಯಾರ ಹತ್ತಿರ ಜಗಳ ಆಡಲಿ? ಗುಂಡಣ್ಣನನ್ನು ಕರಗಿಸಿಯೇ ಸಿದ್ಧ ಎಂದು ಅವತ್ತೇ ಸೊಂಟ ಕಟ್ಟಿ ನಿಂತೆ.

ಮೊದಲು ಹೋಗಿದ್ದು ಸಂಘದ ಅಧ್ಯಕ್ಷ ಮರುಳಸಿದ್ಧಪ್ಪನವರ ಹತ್ತಿರ. ಅವರು ನಿವೃತ್ತ ಸರ್ವೇಯರ್. ಪ್ರತಿ ಭಾನುವಾರ ಬಿದಿರು ಗಳ ಹಿಡಿದು ಗುಂಡಣ್ಣನ ಉದ್ದ, ಅಗಲ, ದಪ್ಪ ಅಳೆದು ನೋಟಿಸ್ ಬೋರ್ಡಿನಲ್ಲಿ ಬರೆಯುವುದು ಅವರು ತಾವಾಗಿ ತಲೆಗೆ ಹಚ್ಚಿಕೊಂಡ ಕೆಲಸ. ಹಿಂದಿನ ವಾರಕ್ಕಿಂತ ಒಂದು ಗೇಣು ಹೆಚ್ಚಿದ್ದರೆ ಆ ದಿನವಿಡೀ ಅವರ ಮುಖ ನೋಡಬೇಕು. ನನ್ನ ಮಾತು ಕೇಳಿ ಅವರು ಬೆಚ್ಚಿಬಿದ್ದರು. ಮಗಳು ದಾಕ್ಷಾಯಿಣಿಯನ್ನು ನೋಡಲು ಯುಗಾದಿಯ ಹೊತ್ತಿಗೆ ಗಂಡಿನ ಕಡೆಯವರು ಬರುವವರಿದ್ದರು, ಅದೂ ಊರಿಗೇ ದೊಡ್ಡ ಮೋಡವಾದ ಐರಾವತದ ಕೆಳಗಿನವರು. ಅಂಥವರೆದುರು ನಮ್ಮ ಮೋಡ ಸೊರಗಿರುವುದೇ ಎಂದು ಕೇಳಿ, ಹಪ್ಪಳವನ್ನು ಅಂಗಡಿಯಲ್ಲಿ ಕೊಂಡರಾಯಿತು ಎಂದು ನನಗೇ ಬುದ್ಧಿ ಹೇಳಿ ಕಳಿಸಿದರು.

ಸರಿ, ಅಧ್ಯಕ್ಷರು ಅಳೆಯುವುದು ಮೋಡವನ್ನು ತಾನೆ, ಅಡುಗೆಮನೆಗಳಿಗೆ ಅವರು ಬರುವುದಿಲ್ಲವಲ್ಲ. ನಾನು ಮನೆಮನೆ ಹತ್ತಿ ಇಳಿದೆ. ದೊಡ್ಡ ಭಾಷಣ ಏನೂ ಇಲ್ಲ. ಪಾತ್ರೆಗೆ ಮುಚ್ಚಳ ಮುಚ್ಚಿ ಎಂದೆ. ಬೇಳೆಯನ್ನು ಎರಡು ಗಂಟೆ ಮೊದಲೇ ನೆನೆಹಾಕಿ, ಅನ್ನ ಮುಕ್ಕಾಲು ಬೆಂದ ಮೇಲೆ ಒಲೆ ಆರಿಸಿ, ಪಾತ್ರೆಗೆ ಹಳೆಯ ಕಂಬಳಿ ಸುತ್ತಿ ಬುಟ್ಟಿಯಲ್ಲಿ ಇಡಿ, ತನ್ನ ಪಾಡಿಗೆ ತಾನು ಬೇಯುತ್ತದೆ ಎಂದೆ. ಮೊದಲ ದಿನ ಒಬ್ಬರೂ ನಂಬಲಿಲ್ಲ. ಮೊದಲ ಮಹಡಿಯ ಬ್ಯಾಂಕಿನಾಕೆ ಕಂಬಳಿಯ ಅನ್ನ ಉದುರುದುರಾಗಿ ಬಂದದ್ದನ್ನು ಕಂಡು, ಅಂಗೈ ಮೇಲೆ ಇಟ್ಟುಕೊಂಡು ಮೂರು ಮಹಡಿಗೆ ತೋರಿಸಿ ಬಂದಳು. ಮಾರನೆಯ ದಿನದಿಂದ ಕಟ್ಟಡದಲ್ಲಿ ಒಂದು ಹಳೆ ಕಂಬಳಿಯೂ ಹಾಸಿಗೆಯಲ್ಲಿ ಉಳಿಯಲಿಲ್ಲ. ನಮ್ಮ ಗಂಡಸರು ಚಳಿ ಎಂದು ಗೊಣಗಿದರು, ಅನ್ನ ಬೆಚ್ಚಗಿತ್ತು.

ಅವಳಿ ಮಕ್ಕಳ ತಾಯಿಗೆ ಬಾಲ್ಕನಿಯಲ್ಲಿ ಹಗ್ಗ ಕಟ್ಟಿಕೊಟ್ಟೆವು. ಯಂತ್ರದ ಒಳಗೆ ಈಗ ಈರುಳ್ಳಿ ತುಂಬಿಟ್ಟಿದ್ದಾಳೆ. ನಾಲ್ಕನೇ ಮಹಡಿಯವರದ್ದು ಮಾತ್ರ ಕಷ್ಟವಾಯಿತು, ಪಡುವಣ ಬಿಸಿಲಿಗೆ ಅವರ ಗೋಡೆ ಕಾದ ಕಾವಲಿ. ಎಸಿ ಆರಿಸಿ ಎಂದು ಬಾಯಲ್ಲಿ ಹೇಳಿದರೆ ಆಗುವ ಮಾತಲ್ಲ. ಪುಟ್ಟತಾಯಿಯೇ ಸಂತೆಯಿಂದ ಲಾವಂಚದ ಬೇರು ತಂದು ಚಾಪೆ ಹೆಣೆದು ಕಿಟಕಿಗೆ ಕಟ್ಟಿ ನೀರು ಚಿಮುಕಿಸಿದಳು. ಕೆಳಗಿನಿಂದ ತೊಂಡೆಬಳ್ಳಿ, ಬಸಳೆ ಹಬ್ಬಿಸಿದೆವು. ಬಳ್ಳಿ ನಾಲ್ಕನೇ ಮಹಡಿ ಮುಟ್ಟುವ ಮೊದಲೇ ಲಾವಂಚದ ತಂಪಿಗೆ ಅವರು ಸೋತುಹೋಗಿ, ರಾತ್ರಿ ಮಾತ್ರ ಒಂದು ಗಂಟೆ ಎಸಿ ಹಾಕುತ್ತೇವೆ ಎಂಬ ಒಪ್ಪಂದಕ್ಕೆ ಬಂದರು. ಕಾಂಪೌಂಡಿನ ಹಿಂದೆ ತರಗೆಲೆ ಸುಡುತ್ತಿದ್ದ ವಾಚ್‌ಮನ್‌ಗೆ ತೂತು ಕೊರೆದ ಮೂರು ಮಡಕೆ ಒಂದರ ಮೇಲೊಂದು ಪೇರಿಸಿಕೊಟ್ಟು, ಎಲೆಯನ್ನೂ ತರಕಾರಿ ಸಿಪ್ಪೆಯನ್ನೂ ಇದಕ್ಕೇ ಹಾಕಪ್ಪ, ಗೊಬ್ಬರ ಆಗುತ್ತೆ ಎಂದೆವು. ಅವನು ಈಗ ಆ ಗೊಬ್ಬರವನ್ನು ಮೂಸಿ ಮೂಸಿ ಅದರ ವಯಸ್ಸು ಹೇಳುತ್ತಾನೆ. ಅರವತ್ತು ದಾಟದವರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುವುದೆಂದು ತೀರ್ಮಾನವಾದಾಗ, ಎಷ್ಟು ಜನಕ್ಕೆ ರಾತ್ರೋರಾತ್ರಿ ಅರವತ್ತಾಯಿತು ಎಂಬುದು ಬೇರೆ ಕಥೆ.

ಡ್ರಾಯಿಂಗ್ ಟೀಚರಿನ ಕೈ ಸುಮ್ಮನಿರುತ್ತದೆಯೆ? ಪ್ರತಿಯೊಂದಕ್ಕೂ ಒಂದೊಂದು ಚಿತ್ರ ಬರೆದು ಲಿಫ್ಟಿನ ಬಾಗಿಲಿಗೆ ಅಂಟಿಸಿದೆ. ಮುಚ್ಚಳ ಹಾಕಿಕೊಂಡು ನಗುವ ಪಾತ್ರೆ, ಕಂಬಳಿ ಹೊದ್ದು ಮಲಗಿದ ಅನ್ನ, ಹಗ್ಗದ ಮೇಲೆ ಕೈ ಕೈ ಹಿಡಿದ ಅಂಗಿಗಳು. ಒಂದು ಬಕೆಟ್, ಒಂದು ಚೊಂಬು, ಹತ್ತು ನಿಮಿಷದ ಸ್ನಾನ ಎಂಬ ಚಿತ್ರವಂತೂ ಬಹಳ ಮೆಚ್ಚುಗೆ ಪಡೆಯಿತು. ಆ ಚಿತ್ರದ ವಿಷಯಕ್ಕೆ ಈಗ ಬರುತ್ತೇನೆ. ಹೇಳಲು ನಾಚಿಕೆ, ಆದರೆ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನನಗೆ ಬಿಸಿನೀರಿನ ಹುಚ್ಚು. ಬೆಳಗ್ಗೆ ಗೀಸರ್ ಹಾಕಿ, ಅದು ಪೂರ್ತಿ ಕಾದ ಮೇಲೆ ನಲ್ಲಿಯ ಕೆಳಗೆ ನಿಂತರೆ ಅರ್ಧ ಗಂಟೆ ನಾನು ಯಾರ ಮಾತೂ ಕೇಳುವವಳಲ್ಲ. ಕನ್ನಡಿ ಕಾಣಬಾರದು, ಬಾಗಿಲು ಕಾಣಬಾರದು, ಅಷ್ಟು ಹಬೆ ತುಂಬಬೇಕು. ಶುಕ್ರವಾರವಾದರೆ ಎಣ್ಣೆ ಹಚ್ಚಿಕೊಂಡು, ಸೀಗೇಕಾಯಿಗೆ ಕಚೋರ ಮತ್ತು ಒಣಗಿದ ಕಿತ್ತಳೆ ಸಿಪ್ಪೆ ಬೆರೆಸಿದ ನನ್ನದೇ ಪುಡಿಯಲ್ಲಿ ಒಂದು ಗಂಟೆಯ ಸಂಭ್ರಮ. ಒಂಟಿ ಹೆಂಗಸಿಗೆ ಬೆನ್ನು ಸವರುವವರು ಯಾರಿದ್ದಾರೆ, ಬಿಸಿನೀರು ಸವರುತ್ತದೆ. ಮಿಕ್ಕ ಹತ್ತೊಂಬತ್ತು ಮನೆಯೂ ಸರಿಯಾದರೆ ನನ್ನದೊಂದು ಸ್ನಾನದಿಂದ ಏನಾದೀತು ಎಂದುಕೊಂಡೆ. ಬಕೆಟ್ಟಿನ ಚಿತ್ರ ಬರೆದ ಬೆಳಗ್ಗೆಯೂ ನಾನು ಮಿಂದದ್ದು ಹಾಗೆಯೇ.

ಗುಂಡಣ್ಣ ಇಳಿಯತೊಡಗಿದ. ಒಂದು ವಾರಕ್ಕೆ ಸಾರಿನ ವಾಸನೆ ಹೋಯಿತು, ಎರಡನೇ ವಾರಕ್ಕೆ ಅಂಚುಗಳು ತೆಳುವಾದವು. ಮರುಳಸಿದ್ಧಪ್ಪನವರು ಗಳ ಹಿಡಿದು ಮೂರು ಮೂರು ಸಲ ಅಳೆದು, ಗಳವೇ ಬೆಳೆದಿರಬೇಕು ಎಂದು ಅನುಮಾನಪಟ್ಟರು. ಶಿವರಾತ್ರಿ ಕಳೆದ ಮೂರನೆಯ ದಿನ ಹತ್ತು ಗಂಟೆಗೆ ತಾರಸಿಯ ನಡುವೆ ಚಾಪೆಯಗಲದ ಬಿಸಿಲು ಬಿತ್ತು. ಸುದ್ದಿ ತಿಳಿದು ಇಪ್ಪತ್ತು ಮನೆಯವರೂ ಮೇಲೆ ಬಂದು ಆ ಬಿಸಿಲಿನ ಸುತ್ತ ನಿಂತರು, ಯಾರೂ ಅದರ ಮೇಲೆ ಕಾಲಿಡಲಿಲ್ಲ. ಪುಟ್ಟತಾಯಿ ಕೆಳಗೆ ಓಡಿ ಸೀರೆ ತಂದು ಹಾಸಿದಳು. ಅವಳ ಕಣ್ಣು ತುಂಬಿತ್ತು. ನನ್ನ ಕೈ ಹಿಡಿದು ಒತ್ತಿದಳು, ನಾನು ದೊಡ್ಡ ಮನುಷ್ಯರ ಹಾಗೆ ತಲೆಯಾಡಿಸಿದೆ.

ದಿನದಿನಕ್ಕೆ ಬಿಸಿಲು ಅಗಲವಾಯಿತು. ಒಂದೇ ಒಂದು ತುಂಡು ಮೋಡ ಮಾತ್ರ ಮೂಡಲ ಮೂಲೆಯಲ್ಲಿ ಬೇರು ಬಿಟ್ಟಂತೆ ಕೂತಿತ್ತು. ಎಲ್ಲರೂ ತಲೆ ಕೆರೆದುಕೊಂಡರು. ಯಾರ ಮನೆಯದಿರಬಹುದು ಎಂದು ನಾನೂ ಅವರ ಜೊತೆ ತಲೆ ಕೆರೆದುಕೊಂಡೆ. ಆ ಶುಕ್ರವಾರ ಪುಟ್ಟತಾಯಿ ಮೂರು ವರ್ಷದಲ್ಲಿ ಮೊದಲ ಬಾರಿಗೆ ನೂರು ಹಪ್ಪಳ ಹರಡಿದ್ದಳು. ನಾನು ಮಿಂದು, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಮೇಲೆ ಹೋಗಿ ಕೂತೆ. ಆ ತುಂಡು ಮೋಡ ಗಾಳಿಗೆ ನಾಲ್ಕು ಮಾರು ಈಚೆ ಸರಿದು ಹಪ್ಪಳದ ಮೇಲೆ ಒಂದು ಸಣ್ಣ ಜಿನುಗು ಜಿನುಗಿಸಿ ಮತ್ತೆ ಮೂಲೆಗೆ ಹೋಯಿತು. ಪರವಾಗಿಲ್ಲ ಬಿಡು, ಒಣಗುತ್ತೆ ಎಂದು ಪುಟ್ಟತಾಯಿಯೇ ನನ್ನನ್ನು ಸಮಾಧಾನ ಮಾಡಿದಳು.

ಹಪ್ಪಳ ಒಣಗಿತು. ಎರಡು ದಿನ ಬಿಟ್ಟು ಸಂಜೆ ಅವಳು ನನ್ನನ್ನು ಕರೆದು, ಎರಡು ಹಪ್ಪಳ ಕರಿದು ತಟ್ಟೆಯಲ್ಲಿಟ್ಟಳು. ಹೂವಿನಂತೆ ಅರಳಿದ್ದವು. ಒಂದನ್ನು ಮುರಿದು ಬಾಯಿಗಿಟ್ಟೆ. ಉದ್ದು ಇತ್ತು, ಮೆಣಸಿತ್ತು. ಅದರ ಹಿಂದೆಯೇ ಕಚೋರ ಬಂತು, ಕಿತ್ತಳೆ ಸಿಪ್ಪೆ ಬಂತು. ಅಗಿಯುವುದನ್ನು ನಿಲ್ಲಿಸಿದೆ.

"ಇಪ್ಪತ್ನಾಲ್ಕು ವರ್ಷದಿಂದ ನಿನ್ನ ಪಕ್ಕ ಕೂತಿದೀನಿ," ಎಂದಳು ಪುಟ್ಟತಾಯಿ. "ನಿನ್ನ ತಲೆ ವಾಸನೆ ನಂಗೆ ಗೊತ್ತಾಗಲ್ವೇನೆ ವಾರಿಜಾ?"

ಕೈಯಲ್ಲಿದ್ದ ತುಂಡನ್ನು ತಟ್ಟೆಗೆ ಇಟ್ಟೆ.

"ಬಿಸಿನೀರು ಬಿಡೋಕಾಗಲ್ಲ ಕಣೇ ಅಂತ ನಂಗೊಂದು ಮಾತು ಹೇಳಿದ್ರೆ, ಬೇಡ ಅಂತಿದ್ನಾ? ಊರಿಗೆಲ್ಲಾ ಚಿತ್ರ ಬರೆದು ಅಂಟಿಸ್ದೆ. ನಿಂಗೊಂದು ಬರ್ಕೊಳ್ಳಲಿಲ್ಲ."

ಅಷ್ಟೆ. ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಿ ಎದ್ದು ಬರುತ್ತಿದ್ದೆ, ಅರ್ಧ ಗಂಟೆಗೆ ಮುಗಿಯುತ್ತಿತ್ತು. ಅವಳು ಆ ನೂರು ಹಪ್ಪಳವನ್ನೂ ಒಂದು ಡಬ್ಬಕ್ಕೆ ಹಾಕಿ ನನ್ನ ಕೈಗೆ ಕೊಟ್ಟು, ಇವು ನಿನ್ನವು ಎಂದು ಬಾಗಿಲು ಮುಚ್ಚಿಕೊಂಡಳು. ಮಾರನೆಯ ದಿನ ನೋಡಿದರೆ ಅವಳ ಮನೆಯ ಮುಂದೆ ಪಾತ್ರೆ ತುಂಬಿದ ಎರಡು ಮೂಟೆ ಕೂತಿದ್ದವು.

ಆ ರಾತ್ರಿ ನಾನು ಅತ್ತದ್ದನ್ನು ಬರೆದು ನಿಮ್ಮ ಹೊತ್ತು ಕಳೆಯುವುದಿಲ್ಲ. ಬೆಳಗ್ಗೆ ಎದ್ದು ಚಿತ್ರ ಬರೆದೆ. ನಲ್ಲಿಯ ಕೆಳಗೆ ಕಣ್ಣು ಮುಚ್ಚಿ ನಿಂತ ದಪ್ಪ ಹೆಂಗಸು, ಮೂಗಿನ ಮೇಲೆ ನನ್ನದೇ ಕನ್ನಡಕ, ತಲೆಯಿಂದೇಳುವ ಹಬೆ ಎರಡು, ಮೂರು, ನಾಲ್ಕು, ಐದನೇ ಮಹಡಿ ದಾಟಿ ಗುಂಡಣ್ಣನ ಬಾಯಿಗೆ ಹೋಗುತ್ತಿದೆ, ಅವನು ತೇಗುತ್ತಿದ್ದಾನೆ. ಕೆಳಗೆ ದೊಡ್ಡ ಅಕ್ಷರದಲ್ಲಿ ನನ್ನ ಸಹಿ ಹಾಕಿ, ಬಕೆಟ್ಟಿನ ಚಿತ್ರದ ಪಕ್ಕದಲ್ಲೇ ಅಂಟಿಸಿದೆ. ಕಟ್ಟಡ ಮೂರು ದಿನ ನಕ್ಕಿತು. ಮೆಟ್ಟಿಲು ಹತ್ತಬೇಕಾದವರೂ ಚಿತ್ರ ನೋಡಲೆಂದೇ ಲಿಫ್ಟಿನ ಮುಂದೆ ನಿಂತರು. ಕೆಲವರು ತಾವು ಕದ್ದುಮುಚ್ಚಿ ಮಾಡಿಕೊಂಡಿದ್ದನ್ನೂ ನನ್ನ ಹತ್ತಿರ ಬಂದು ಪಿಸುಗುಟ್ಟಿ ಹಗುರಾದರು. ಕರೆಂಟಿನವನನ್ನು ಕರೆಸಿ ಗೀಸರಿನ ಫ್ಯೂಸ್ ಕಿತ್ತು, ನನ್ನ ಮೇಲೆ ನನಗೆ ನಂಬಿಕೆಯಿಲ್ಲದ್ದರಿಂದ ಅಧ್ಯಕ್ಷರ ಕೈಗೆ ಒಪ್ಪಿಸಿದೆ. ಮರುಳಸಿದ್ಧಪ್ಪನವರು ಅದನ್ನು ಯಾರದೋ ಅಸ್ಥಿ ತೆಗೆದುಕೊಂಡ ಹಾಗೆ ಎರಡೂ ಕೈಯಲ್ಲಿ ತೆಗೆದುಕೊಂಡರು.

ಇಪ್ಪತ್ತು ದಿನ ಬಕೆಟ್ಟಿನ ತಣ್ಣೀರು. ಮೊದಲ ಚೊಂಬಿಗೆ ನಾನು ಹಾಕಿದ ಕೂಗು ನಾಲ್ಕನೇ ಮಹಡಿಗೆ ಕೇಳಿತಂತೆ. ಐದನೇ ಮಹಡಿಗೂ ಕೇಳಿರಬೇಕು, ಆದರೆ ಪುಟ್ಟತಾಯಿ ನನ್ನನ್ನು ಮಾತಾಡಿಸಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಹೊಳೆಯಾಚೆಯ ಮನೆಯವರು ಯುಗಾದಿಗೆ ಎರಡು ದಿನ ಮುಂಚಿನ ಶುಕ್ರವಾರ ಸಂಜೆಯೊಳಗೆ ಒಂದು ಮಾತು ಹೇಳಿಬಿಡಿ ಎಂದಿದ್ದಾರೆಂದು ಬ್ಯಾಂಕಿನಾಕೆಯಿಂದ ತಿಳಿಯಿತು. ಇತ್ತ ಮೂಡಲ ಮೂಲೆಯ ತುಂಡು ಕರಗುತ್ತ ಕರಗುತ್ತ, ಕೊನೆಗೆ ಗುಂಡಣ್ಣ ಎಂಬುವನು ನೀರಿನ ಟ್ಯಾಂಕಿನ ಹಿಂದೆ ಹತ್ತಿಯ ಉಂಡೆಯಷ್ಟಾಗಿ ಅಡಗಿಕೊಂಡ. ತಾರಸಿ ಪೂರ್ತಿ ಬಿಸಿಲಾಯಿತು. ಕಟ್ಟಡದವರೆಲ್ಲ ಕುಣಿದಾಡಿದರು, ನನಗೆ ಕುಣಿಯಲು ಜೊತೆ ಇರಲಿಲ್ಲ.

ಆ ಶುಕ್ರವಾರ ಬೆಳಗ್ಗೆ ಪುಟ್ಟತಾಯಿ ಇನ್ನೂರು ಹಪ್ಪಳ ಒತ್ತಿ ತಾರಸಿಗೆ ಹಾಕಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಒಂದೇ ದಿನದ ಬಿಸಿಲಿಗೆ ಗರಿಗರಿಯಾದರೆ ಇಲ್ಲಿ, ಇಲ್ಲದಿದ್ದರೆ ಹೊಳೆಯಾಚೆ. ಎಂಟೂವರೆಗೆ ನನ್ನ ಮನೆಯ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಮರುಳಸಿದ್ಧಪ್ಪನವರು, ಒಂದು ಕೈಯಲ್ಲಿ ಫ್ಯೂಸ್, ಹಣೆಯ ತುಂಬ ಬೆವರು. ಐರಾವತದವರು ಹನ್ನೊಂದು ಗಂಟೆಗೆ ಬರುವವರಿದ್ದರು.

"ಟೀಚರ್, ನಾನು ಯಾರ ಹತ್ರಾನೂ ಕೈ ಚಾಚಿದವನಲ್ಲ. ಒಂದರ್ಧ ಗಂಟೆ ಸ್ನಾನ ಮಾಡಿ. ನೀವು ಮುಂಚೆ ಮಾಡ್ತಿದ್ರಲ್ಲ, ಹಾಗೆ. ಒಂದು ಹಿಡಿ ಮೋಡ ಆದ್ರೂ ಅವರ ಕಣ್ಣಿಗೆ ಬೀಳ್ಲಿ."

ನಗು ಬರಬೇಕಾಗಿತ್ತು, ಬರಲಿಲ್ಲ. ಕಾಫಿಯನ್ನೂ ಕುಡಿಯದೆ ಮೆಟ್ಟಿಲಿಳಿದವರ ಬೆನ್ನುಗಳು ನಲವತ್ತು ವರ್ಷದ ಮೇಲೂ ನನಗೆ ನೆನಪಿವೆ. ದಾಕ್ಷಾಯಿಣಿ ನನ್ನ ಹತ್ತಿರ ಚಿತ್ರ ಕಲಿತ ಹುಡುಗಿ. ಅವಳಿಗೂ ಹಾಗೆ ಆಗುವುದೆ? ಜೊತೆಗೆ, ನಿಜ ಹೇಳಿಬಿಡುತ್ತೇನೆ, ಇಪ್ಪತ್ತು ದಿನದಿಂದ ತಣ್ಣೀರಿಗೆ ನಡುಗಿದ ನನ್ನ ಮೈ ಆ ಫ್ಯೂಸನ್ನು ಕಂಡ ಕೂಡಲೇ ಕರಗಿಹೋಗಿತ್ತು. ಬೇಡಿಕೊಂಡು ಬಂದಿದ್ದಾರೆ, ಕದ್ದು ಮಾಡುವುದೇನಲ್ಲ, ಒಂದು ಸ್ನಾನ. ಕೈ ಅರ್ಧ ಮುಂದೆ ಹೋಯಿತು ಕೂಡ. ಅಷ್ಟರಲ್ಲಿ ಮೇಲಿನಿಂದ ಪುಟ್ಟತಾಯಿ ಕಾಗೆ ಓಡಿಸುವ ಸದ್ದು ಕೇಳಿಸಿತು. ಒಬ್ಬಳೇ ಓಡಿಸುತ್ತಿದ್ದಳು.

"ಆಗಲ್ಲ ಮರುಳಸಿದ್ಧಪ್ಪನೋರೇ," ಎಂದೆ. "ನಾನು ಮಿಂದ್ರೆ ಅವಳ ಹಪ್ಪಳ ನೆನೆಯುತ್ತೆ. ಬಂದವರ ಹತ್ರ ಏನು ಹೇಳ್ಬೇಕೋ ನಾನೇ ಬಂದು ಹೇಳ್ತೀನಿ. ಮೋಡ ಕರಗಿಸಿದ್ದು ನಾನು ಅಂತ ನನ್ನ ಕಡೆ ಕೈ ತೋರ್ಸಿ."

ಅವರು ಫ್ಯೂಸನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದರು. ನಾನು ಸೀರೆ ಬದಲಾಯಿಸಿ ಹಿಂದೆಯೇ ಹೋದೆ. ತಾರಸಿಯ ಬಾಗಿಲಲ್ಲಿ ನಿಂತು ನೋಡಿದರೆ, ನೋಡಿಸಿಕೊಳ್ಳಬೇಕಾದ ದಾಕ್ಷಾಯಿಣಿ ಜರಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಪುಟ್ಟತಾಯಿಯ ಎದುರಿಗೆ ಕೂತು ಹಪ್ಪಳ ಮಗುಚುತ್ತಿದ್ದಾಳೆ. ಅವರಪ್ಪ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಐರಾವತದವರು ಹನ್ನೊಂದಕ್ಕೆ ಸರಿಯಾಗಿ ಬಂದರು. ಹುಡುಗ, ಅವನ ಅಪ್ಪ ಅಮ್ಮ, ಎಂಬತ್ತು ದಾಟಿದ ಅಜ್ಜಿ. ಸಂಪ್ರದಾಯದಂತೆ ನೇರ ತಾರಸಿಗೇ ಬಂದು, ಸಂಪ್ರದಾಯದಂತೆ ತಲೆ ಎತ್ತಿದರು. ಮೇಲೆ ನೀಲಿ ಬಿಟ್ಟು ಇನ್ನೇನೂ ಇರಲಿಲ್ಲ. ಹುಡುಗನ ಅಪ್ಪ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ನೋಡಿ ಕೆಮ್ಮಿದರು. ಕಟ್ಟಿಕೊಂಡು ಬಂದ ಮಾತನ್ನು ಹೇಳಲೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಆಗ ಅಜ್ಜಿ, ಸೊಸೆಯ ಕೈ ಬಿಡಿಸಿಕೊಂಡು, ಚಪ್ಪಲಿ ಬಿಟ್ಟು, ಹಪ್ಪಳದ ಸೀರೆಯ ಅಂಚಿಗೆ ಹೋಗಿ ಕಾಲು ಚಾಚಿ ಕೂತರು. ಬೆನ್ನನ್ನು ಬಿಸಿಲಿಗೆ ಕೊಟ್ಟರು. ಒಂದು ಹಪ್ಪಳವನ್ನು ಅಂಚಿನಲ್ಲಿ ಹಿಡಿದು ಹರಿಯದ ಹಾಗೆ ಎತ್ತಿ ಮಗುಚಿದರು, ಆಮೇಲೆ ಇನ್ನೊಂದು.

"ನಮ್ಮಲ್ಲಿ ಬಿಸಿಲಿಲ್ಲ ಕಣಮ್ಮ," ಎಂದು ಪುಟ್ಟತಾಯಿಗೆ ಹೇಳಿದರು. "ಹನ್ನೊಂದು ವರ್ಷ ಆಯ್ತು. ನನ್ನ ಕೈಗೆ ಮರೆತೇ ಹೋಗಿದೆ ಅಂದ್ಕೊಂಡಿದ್ದೆ."

ಎರಡು ಗಂಟೆಯವರೆಗೂ ಅವರು ಅಲ್ಲಿಂದ ಏಳಲಿಲ್ಲ. ಅವರು ಏಳದೆ ಮಿಕ್ಕವರು ಎಲ್ಲಿಗೆ ಹೋಗುತ್ತಾರೆ? ಉಪ್ಪಿಟ್ಟು, ಕೇಸರಿಬಾತು ತಾರಸಿಗೇ ಬಂತು. ಹೆಣ್ಣು ನೋಡುವ ಶಾಸ್ತ್ರ ಹಪ್ಪಳದ ಎರಡು ದಡದಲ್ಲಿ ನಡೆಯಿತು. ಹುಡುಗನ ಕ್ಷೇಮಸಮಾಚಾರ ವಿಚಾರಿಸುವ ಮೊದಲು ದಾಕ್ಷಾಯಿಣಿ ಅವನ ಕೈಗೆ ಕಾಗೆ ಓಡಿಸುವ ಕೋಲು ಕೊಟ್ಟಳು, ಪಾಪ, ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಹೊರಡುವಾಗ ಅಜ್ಜಿ, ಲಗ್ನ ಯಾವಾಗಲಾದರೂ ಇಟ್ಟುಕೊಳ್ಳಿ, ಅರಳು ಸಂಡಿಗೆ ಇಡುವ ದಿನ ಮಾತ್ರ ಮೊದಲೇ ತಿಳಿಸಿ ಎಂದರು. ಮರುಳಸಿದ್ಧಪ್ಪನವರು ಅವರನ್ನು ಗೇಟಿನವರೆಗೆ ಬಿಟ್ಟು ವಾಪಸು ಬಂದು, ಯಾರೂ ನೋಡುತ್ತಿಲ್ಲವೆಂದು ತಿಳಿದು, ಬಿಸಿಲಿನ ಉದ್ದಗಲವನ್ನು ಗಳದಲ್ಲಿ ಅಳೆದರು.

ಮೂರು ಗಂಟೆಯಾಯಿತು. ಎಲ್ಲರೂ ಇಳಿದು ಹೋದರು. ಪುಟ್ಟತಾಯಿ ಒಂದೊಂದೇ ಹಪ್ಪಳ ಎತ್ತಿ ಉಗುರಿನಿಂದ ತಟ್ಟಿ ನೋಡಿ ಪೇರಿಸುತ್ತಿದ್ದಳು, ಟಣ್ ಎನ್ನುತ್ತಿತ್ತು. ನನಗೆ ಅಲ್ಲಿ ನಿಲ್ಲಲೂ ಧೈರ್ಯವಿಲ್ಲ, ಹೋಗಲೂ ಮನಸ್ಸಿಲ್ಲ. ಸಂಜೆಯೊಳಗೆ ಹೊಳೆಯಾಚೆಗೆ ಮಾತು ಹೋಗಬೇಕು. ಇಳಿಯಲೆಂದು ಬಾಗಿಲ ಹತ್ತಿರ ಬಂದಾಗ ಅವಳು ತಲೆ ಎತ್ತದೆ ಕರೆದಳು.

"ವಾರಿಜಾ, ತಲೆ ಬಿಚ್ಚು."

ನನಗೆ ಅರ್ಥವಾಗಲಿಲ್ಲ. ಅವಳು ಎದ್ದು, ಟ್ಯಾಂಕಿನ ಪಕ್ಕ ಮರೆಗೆ ನಿಲ್ಲಿಸಿದ್ದ ತಗಡು ಸರಿಸಿದಳು. ಹೊರಮೈಯೆಲ್ಲ ಮಸಿಯಾದ ಅವರಮ್ಮನ ಕಾಲದ ತಾಮ್ರದ ಹಂಡೆ, ತುಂಬ ನೀರು, ಬೆಳಗ್ಗೆಯಿಂದ ಬಿಸಿಲಲ್ಲಿ ಕೂತಿತ್ತು. ಬೆರಳು ಅದ್ದಿ ನೋಡು ಎಂದಳು. ಅದ್ದಿದೆ. ಬಿಸಿ ಇತ್ತು. ಒಲೆಯದೂ ಅಲ್ಲ, ಗೀಸರಿನದೂ ಅಲ್ಲ, ಹಬೆಯ ಸುಳಿವಿಲ್ಲದ ಮೆತ್ತನೆಯ ಬಿಸಿ. ನನ್ನನ್ನು ಮಣೆಯ ಮೇಲೆ ಕೂರಿಸಿ, ಅಂಗೈ ತುಂಬ ಎಣ್ಣೆ ತೆಗೆದುಕೊಂಡು ನೆತ್ತಿಗೆ ತಟ್ಟಿದಳು. ಇಪ್ಪತ್ತು ದಿನದ ಸಿಟ್ಟೆಲ್ಲ ಆ ತಟ್ಟುವಿಕೆಯಲ್ಲಿ ಇತ್ತು, ನೋಯುವ ಹಾಗೆಯೇ ತಟ್ಟಿದಳು. ಬರಬರುತ್ತಾ ಕೈ ಮೆತ್ತಗಾಯಿತು. ಸೀಗೇಕಾಯಿ ಹಚ್ಚಿ, ಬಗ್ಗು ಎಂದು ಕತ್ತು ಹಿಡಿದು ಬಗ್ಗಿಸಿ, ಮೊದಲ ಚೊಂಬು ಸುರಿದಳು.

"ಶುಕ್ರವಾರ ಬೆಳಗ್ಗೆ ಹಂಡೆ ತುಂಬಿಸಿ ಇಟ್ಟಿರ್ತೀನಿ," ಎಂದಳು. "ಮೂರು ಗಂಟೆ ಮೇಲೆ ಬಾ. ಮೊದಲು ಬಂದ್ರೆ ಹಪ್ಪಳ ಇರುತ್ತೆ, ಕಾಲಿಡೋಕೆ ಜಾಗ ಇರಲ್ಲ."

ನಾನು ಬಗ್ಗಿದಲ್ಲಿಂದಲೇ, ಬರುವ ಶುಕ್ರವಾರವೇ ಎಂದು ಕೇಳಿದೆ.

"ಪ್ರತಿ ಶುಕ್ರವಾರ ಕಣೇ. ಹೊಳೆ ಆಚೆಯಿಂದ ಬಂದು ನಿನ್ನ ತಲೆ ಉಜ್ಜೋಕಾಗುತ್ತಾ ನಂಗೆ?"

ಮೇಲೆ ನೋಡಬೇಕೆನ್ನಿಸಿತು, ಅವಳು ಕತ್ತು ಬಿಡಲಿಲ್ಲ. ತಲೆ ತಗ್ಗಿಸಿಕೊಂಡೇ ಬಿಕ್ಕಿ ಬಿಕ್ಕಿ ಅತ್ತೆ. ಅವಳಿಗೆ ಗೊತ್ತಾಗಿರಬೇಕು, ಇನ್ನೊಂದು ಚೊಂಬು ಸುರಿದಳು.